ಬೋರ್ಡು ಬಿಡಿಸುವ ಕೈ

ನನ್ನ ಬಲಗೈಯ ಮಣಿಕಟ್ಟು ಮುರಿದದ್ದು ಬಾರದ ಮಳೆಯಿಂದ. ಸೂಳಗಿರಿ ಕಡೆ ಮೋಡ ಕಪ್ಪಾಗಿತ್ತು, ಮಹಡಿಯ ಮೇಲೆ ಬಟ್ಟೆ ಒಣಗುತ್ತಿತ್ತು, ನಾನು ಓಡಿದೆ. ಮೆಟ್ಟಿಲಿನ ತಿರುವಿನಲ್ಲಿ ಜಾರಿ, ಬೀಳುವಾಗ ಎಲ್ಲರಂತೆ ಕೈ ಊರಿದೆ. ಒಂದು ಹನಿಯೂ ಬೀಳಲಿಲ್ಲ. ಬಟ್ಟೆಯೆಲ್ಲ ಗರಿಗರಿಯಾಗಿ ಒಣಗಿತ್ತು ಎಂದು ಆಮೇಲೆ ನಮ್ಮವರು ಹೇಳಿದರು, ನನಗೆ ಸಮಾಧಾನವಾಗಲೆಂದು.

ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಕೈ ಊದಿ ಬದನೆಕಾಯಿಯಂತಾಗಿತ್ತು. ನನ್ನ ಚಿಂತೆ ಮಾತ್ರ ಮೇಜಿನ ಮೇಲೆ ಅರ್ಧ ಬಿಡಿಸಿಟ್ಟು ಬಂದಿದ್ದ ಶೀಟಿನದು.

"ಅದರ ಮೇಲೆ ಏನೂ ಭಾರ ಇಡಬೇಡಿ ಆಯ್ತಾ," ಎಂದೆ.

"ನಾನೂ ಇಲ್ಲೇ ಆಟೋದಲ್ಲಿದೀನಿ ಕಣೇ. ಅಲ್ಲಿ ಯಾರು ಬಂದು ಭಾರ ಇಡ್ತಾರೆ?" ಎಂದರು.

"ಬೆಕ್ಕು ಕೂತ್ಕೊಳ್ಳುತ್ತೆ."

ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಪಕ್ಕದ ಮನೆಯಲ್ಲೂ ಇಲ್ಲ.

ಆ ಶೀಟು ಏನೆಂದು ಹೇಳಬೇಕು. ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ವರ್ಕ್‌ಶಾಪು. ನಮ್ಮವರು ಮಾಲೂರು ಕಡೆಯಿಂದ ಹೊಸೂರಿಗೆ ಫ್ಯಾಕ್ಟರಿ ಕೆಲಸಕ್ಕೆಂದು ಬಂದವರು. ಟೂಲ್‌ರೂಮಿನಲ್ಲಿ ವರ್ಷಾನುಗಟ್ಟಲೆ ದುಡಿದು, ಬಿಟ್ಟು, ಒಂದು ಸಣ್ಣ ಮೆಷಿನ್ನು ತಂದು ಸೋಫಾ ಇದ್ದ ಜಾಗದಲ್ಲಿ ನಿಲ್ಲಿಸಿದರು. ಗಾಡಿಗಳ ಇಂಡಿಕೇಟರಿನೊಳಗೆ ಕೂರುವ ಸರ್ಕ್ಯೂಟ್ ಬೋರ್ಡುಗಳಿರುತ್ತವಲ್ಲ, ಬೆಂಕಿಪೊಟ್ಟಣದಷ್ಟು ದೊಡ್ಡವು, ಅವನ್ನು ಒಂದೊಂದಾಗಿ ಮಾಡುವುದಿಲ್ಲ. ಊಟದ ತಟ್ಟೆಯಷ್ಟು ಅಗಲದ ಒಂದೇ ಹಸಿರು ಶೀಟಿನಲ್ಲಿ ಸಾಲುಸಾಲಾಗಿ ಅಚ್ಚಾಗಿ ಬರುತ್ತವೆ. ಬಿಸಿ ಮೈಸೂರುಪಾಕನ್ನು ತಟ್ಟೆಗೆ ಸುರಿದು ಗೆರೆ ಹಾಕಿಡುತ್ತೇವಲ್ಲ, ಹಾಗೆಯೇ ನಮ್ಮವರು ಶೀಟಿಗೆ ಗೆರೆ ಹಾಕುತ್ತಾರೆ. ಮೆಷಿನ್ನಿನಲ್ಲಿ ಮೇಲೊಂದು ಕೆಳಗೊಂದು ದುಂಡನೆಯ ಬ್ಲೇಡು. ನಡುವೆ ಶೀಟು ತೂರಿಸಿದರೆ ಎರಡೂ ಕಡೆ ಸಣ್ಣ ಕಾಲುವೆ ಕೊರೆಯುತ್ತದೆ, ಮಧ್ಯದಲ್ಲಿ ತೆಳುವಾಗಿ ಒಂದು ಪದರ ಉಳಿಯುತ್ತದೆ. ಆ ಪದರದ ಆಧಾರದ ಮೇಲೇ ಶೀಟು ಊರಾಚೆಯ ಒಂದು ಯೂನಿಟ್ಟಿಗೆ ಹೋಗಿ, ಸಾಸಿವೆ ಕಾಳಿನಂಥ ಬಿಡಿಭಾಗಗಳನ್ನೆಲ್ಲ ಮೈಮೇಲೆ ಬೆಸುಗೆ ಹಾಕಿಸಿಕೊಂಡು, ಮತ್ತೆ ನಮ್ಮ ಮನೆಗೆ ಬರುತ್ತದೆ. ಆಗ ಅದನ್ನು ಬೋರ್ಡು ಬೋರ್ಡಾಗಿ ಬೇರೆ ಮಾಡುವವಳು ನಾನು.

ಮುರಿಯುವುದು ಎನ್ನುವ ಹಾಗಿಲ್ಲ. ಕೆಲಮಂಗಲದ ಹತ್ತಿರದ ಹಳ್ಳಿಯಿಂದ ಅವ್ವ ಮೊದಲ ಸಲ ಬಂದು ಈ ಕೆಲಸ ನೋಡಿದಾಗಲೇ ತಾಕೀತು ಮಾಡಿಬಿಟ್ಟಿದ್ದಳು: "ಮನೆವೊಳ್ಗೆ ಕೂತ್ಕಂಡು ಮುರಿಯೋದು ಮುರಿಯೋದು ಅಂತ ಅನ್ಬಾರ್ದು ಕಣಮ್ಮಿ. ಅವರೇಕಾಯಿ ಬಿಡಿಸ್ದಂಗೆ ಬಿಡಿಸ್ತೀನಿ ಅನ್ನು." ಅಂದಿನಿಂದ ನಾವು ಬೋರ್ಡು ಬಿಡಿಸುತ್ತೇವೆ. ಯೂನಿಟ್ಟಿನ ಸೂಪರ್‌ವೈಸರ್ ಹುಡುಗಿ ಕೂಡ ಈಗ ಫೋನಿನಲ್ಲಿ "ಅಕ್ಕಾ, ಬಿಡಿಸಾಯ್ತಾ?" ಎಂದೇ ಕೇಳುತ್ತಾಳೆ.

ಬಿಡಿಸುವುದಕ್ಕೆ ಬಲ ಬೇಕು, ಆದರೆ ಒರಟು ಬಲವಲ್ಲ. ಗೆರೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಇಟ್ಟು, ಎಡಗೈಯಲ್ಲಿ ಅದುಮಿ ಹಿಡಿದು, ಬಲಗೈಯಿಂದ ಒಂದೇ ಸಮನಾಗಿ ಕೆಳಕ್ಕೆ ಬಗ್ಗಿಸಬೇಕು. ಟಕ್ ಎನ್ನುತ್ತದೆ. ತಿರುಚಿದರೆ ಕೆಟ್ಟಿತು. ಸಾಸಿವೆ ಕಾಳುಗಳಲ್ಲೊಂದು ಕಣ್ಣಿಗೆ ಕಾಣದಂತೆ ಬಿರುಕು ಬಿಡುತ್ತದೆ, ಇವತ್ತು ಟೆಸ್ಟಿನಲ್ಲಿ ಪಾಸಾಗಿ ಇನ್ನೊಂದು ದಿನ ಕೈಕೊಡುತ್ತದೆ. ಇದನ್ನು ಕೇಳಿದ ದಿನ ನನಗೆ ಊಟ ಸೇರಿರಲಿಲ್ಲ. ಯಾರೋ ಒಬ್ಬ ರಾಯಕೋಟೆ ರಸ್ತೆಯಲ್ಲಿ ಬಲಕ್ಕೆ ತಿರುಗಲು ಇಂಡಿಕೇಟರು ಹಾಕುತ್ತಾನೆ, ಅದು ಮಿನುಗುವುದಿಲ್ಲ, ಹಿಂದೆ ಟೊಮೆಟೊ ತುಂಬಿದ ಲಾರಿ. ಆ ಮನುಷ್ಯನ ಮುಖವೂ ನನಗೆ ಗೊತ್ತು, ಅವನ ಹೆಂಡತಿಯ ಸೀರೆಯ ಬಣ್ಣವೂ ಗೊತ್ತು.

ವಿಚಿತ್ರವೆಂದರೆ, ಬಿಡಿಸಲು ಕೂತಮೇಲೆ ಈ ಲಾರಿ ಬರುತ್ತಿರಲಿಲ್ಲ. ಗ್ಯಾಸು ಆರಿಸಿದೆನೋ ಇಲ್ಲವೋ, ಕಾಲೇಜಿಗೆ ಹೋದ ಮಗಳು ಹತ್ತಿದ ಬಸ್ಸಿನ ಬ್ರೇಕು ಸರಿಯಿದೆಯೋ ಇಲ್ಲವೋ, ಅವ್ವ ಬಾವಿಯ ಹತ್ತಿರ ಹೋದಳೋ ಏನೋ, ಯಾವುದೂ ಬರುತ್ತಿರಲಿಲ್ಲ. ಗೆರೆ, ಅಂಚು, ಟಕ್. ಗೆರೆ, ಅಂಚು, ಟಕ್. ದಿನದಲ್ಲಿ ನನ್ನ ತಲೆ ಬಾಯಿ ಮುಚ್ಚಿಕೊಂಡಿರುತ್ತಿದ್ದ ಹೊತ್ತು ಅದೊಂದೇ. ಕೆಲವರಿಗೆ ದೇವಸ್ಥಾನದಲ್ಲಿ ಹಾಗಾಗುತ್ತದಂತೆ. ನಾನು ದೇವಸ್ಥಾನದಲ್ಲಿ ಚಪ್ಪಲಿಯ ಬಗ್ಗೆ ಯೋಚಿಸುತ್ತೇನೆ.

ಹಾಗಾಗಿ ಪ್ಲಾಸ್ಟರು ಬಿಚ್ಚಿದ ದಿನ ಒಳಗಿಂದ ಹೊರಬಂದ ಕೈ ನೋಡಿ ನನಗೆ ಕೈಯ ಬಗ್ಗೆ ಮಾತ್ರ ದುಃಖವಾಗಲಿಲ್ಲ. ಬಿಳಿಚಿಕೊಂಡು, ಸೊರಗಿ, ಬೇರೆ ಯಾರದೋ ಕೈಯನ್ನು ನನಗೆ ಅಂಟಿಸಿ ಕಳಿಸಿದಂತಿತ್ತು. ಬಟ್ಟೆ ಹಿಂಡಲಾಗದು, ಮುದ್ದೆ ತಿರುವಲಾಗದು. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಒಂದು ಹಳದಿ ಸ್ಪಂಜಿನ ಚೆಂಡು ಕೊಟ್ಟು, "ಭಯಪ್ಪಡಾದೀಂಗಮ್ಮಾ" ಎಂದಳು. ಹೆದರಬೇಡಿ ಎಂದು ನನಗೆ ತೆಲುಗಿನಲ್ಲಿ, ಕನ್ನಡದಲ್ಲಿ ಹೇಳಿದವರಿದ್ದರು, ತಮಿಳಿನಲ್ಲಿ ಬಾಕಿಯಿತ್ತು. ಚೆಂಡನ್ನು ಎಷ್ಟು ಹಿಸುಕಿದರೂ ಅದು ಚೆಂಡಾಗಿಯೇ ಇತ್ತು.

ನಮ್ಮವರು ಅಷ್ಟು ದಿನವೂ ಗೆರೆ ಹಾಕುವುದು, ಬಿಡಿಸುವುದು, ಅನ್ನ ಸಾರು, ಎಲ್ಲ ತಾವೇ ಮಾಡುತ್ತಿದ್ದರು. ಒಂದು ದಿನ ಸಾರು ಕಲಕುತ್ತಾ, "ಹಿಂದಿನ ಬೀದಿಯಲ್ಲಿ ಒಂದು ಹೆಣ್ಣುಮಗಳು ಕೆಲಸ ಹುಡುಕ್ತಾ ಇದಾಳಂತೆ. ನಿನ್ನ ಕೈ ಸರಿ ಹೋಗೋ ತನಕ ಬಿಡಿಸೋಕೆ ಕರೆಯೋಣ್ವಾ?" ಎಂದರು.

'ಸರಿ ಹೋಗೋ ತನಕ' ಎಂದದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಆ ಹೆಣ್ಣುಮಗಳು ನನ್ನ ಸ್ಟೂಲಿನ ಮೇಲೆ ಕೂತದ್ದು, ಚೆನ್ನಾಗಿ ಬಿಡಿಸಿದ್ದು, ಎಲ್ಲರೂ ಮೆಚ್ಚಿದ್ದು, ನಾನು ಒಳಗಿನ ಕೋಣೆಯಲ್ಲಿ ಟೀವಿ ಮುಂದೆ ಕೂತು ಗ್ಯಾಸಿನ ಬಗ್ಗೆ ಯೋಚಿಸುತ್ತಾ ಮುದುಕಿಯಾದದ್ದು, ಎಲ್ಲ ಸಾರು ಕುದಿಯುವಷ್ಟರಲ್ಲಿ ನನ್ನ ತಲೆಯೊಳಗೆ ನಡೆದುಹೋಯಿತು.

"ಬೇಡ," ಎಂದೆ. "ನಾಳೆಯಿಂದ ನಾನೇ ಕೂರ್ತೀನಿ."

ಮರುದಿನ ಕೂತೆ. ಶೀಟನ್ನು ಮೇಜಿನ ಅಂಚಿಗೆ ಇಟ್ಟು ಬಗ್ಗಿಸಿದೆ. ಅದು ಸ್ವಲ್ಪ ಬಗ್ಗಿ, ನನ್ನನ್ನು ನೋಡಿ, ವಾಪಸು ನೇರವಾಯಿತು. ಮತ್ತೆ ಬಗ್ಗಿಸಿದೆ. ಮಣಿಕಟ್ಟಿನೊಳಗೆ ಏನೋ ಎಳೆಯಿತು. ನಮ್ಮವರು ಮೆಷಿನ್ನಿನ ಹತ್ತಿರ ನಿಂತು ನೋಡುತ್ತಿದ್ದವರು ಒಳಗೆ ಹೋಗಿ ಟೀ ಇಟ್ಟರು. ನಾನು ಆ ಶೀಟನ್ನು ಕೈಯಲ್ಲಿ ಹಿಡಿದುಕೊಂಡೇ ಎಷ್ಟು ಹೊತ್ತು ಕೂತಿದ್ದೆನೋ, ಟೀ ಆರಿಹೋಗಿತ್ತು.

ಕೆಲವು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ, ಅವರೇ ಒಂದು ಶೀಟು ತಂದು ನನ್ನ ಮುಂದಿಟ್ಟರು. "ಚೆಂಡು ಹಿಸುಕಿ ಹಿಸುಕಿ ಏನಾದ್ರೂ ಆಗಿರ್ಬೇಕಲ್ಲ, ನೋಡು," ಎಂದರು.

ನೋಡಿದೆ. ಟಕ್.

ಇನ್ನೊಂದು. ಟಕ್. ನೋವಿಲ್ಲ, ಎಳೆತವಿಲ್ಲ. ನಾನು ಅಳಲಿಲ್ಲ ಎಂದು ಬರೆಯಬಹುದಿತ್ತು, ಆದರೆ ನಮ್ಮವರು ಇದನ್ನು ಓದುತ್ತಾರೆ. ಅತ್ತುಬಿಟ್ಟೆ.

ಅವತ್ತಿನಿಂದ ನಾನು ಸುಮ್ಮನಿರಲಿಲ್ಲ. ಅವ್ವನಿಗೆ ಫೋನು ಮಾಡಿದೆ, ಮಗಳಿಗೆ ಮಾಡಿದೆ, ಡಾಕ್ಟರಮ್ಮನಿಗೆ ಕೈ ತಿರುಗಿಸಿ ತೋರಿಸಿದೆ. ಸೊಪ್ಪಿನವಳು ಕೇಳದಿದ್ದರೂ ಹೇಳಿದೆ. "ನಂಗೆ ಗಾಯ ಬೇಗ ಮಾಯುತ್ತೆ, ಮೈಯೇ ಹಂಗೆ," ಎಂದು ಹಿಂದೆಂದೂ ಇಲ್ಲದ ಒಂದು ಮೈಯನ್ನು ನನಗೆ ನಾನೇ ದಯಪಾಲಿಸಿಕೊಂಡೆ. ಇಷ್ಟು ಬೇಗ ಸರಿಹೋಯಿತಲ್ಲ, ಮೂಳೆ ಅವಸರಪಟ್ಟು ಸೊಟ್ಟಗೆ ಕೂಡಿಕೊಂಡಿರಬಹುದೇ ಎಂದು ಚಿಂತೆ ಬಂದದ್ದೂ ಉಂಟು. ಆದರೆ ಬಿಡಿಸಲು ಕೂತರೆ ಹೋಗುತ್ತಿತ್ತು.

ಯೂನಿಟ್ಟಿನಿಂದ ಶೀಟುಗಳು ಸಂಜೆ ಬರುತ್ತಿದ್ದವು. ನಮ್ಮವರು ಇಳಿಸಿಕೊಂಡು, "ದೂಳು ಒರೆಸಿ ಕೊಡ್ತೀನಿ ಇರು" ಎಂದು ಇಟ್ಟುಕೊಳ್ಳುತ್ತಿದ್ದರು. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಮೇಜಿನ ಮೇಲೆ ನೀಟಾಗಿ ಜೋಡಿಸಿರುತ್ತಿದ್ದರು. ಎಲ್ಲದರಲ್ಲೂ ಹುಳುಕು ಹುಡುಕುವ ನನಗೆ ಇದರಲ್ಲಿ ಏನೂ ಕಾಣಲಿಲ್ಲ. ಗಂಡ ದೂಳು ಒರೆಸುತ್ತಾನೆಂದರೆ ಯಾವ ಹೆಂಗಸು ಯಾಕೆಂದು ಕೇಳುತ್ತಾಳೆ?

ಅವರು ಕೃಷ್ಣಗಿರಿಗೆ, ಹಳೇ ಸಹೋದ್ಯೋಗಿಯೊಬ್ಬರ ಮಗಳ ನಿಶ್ಚಿತಾರ್ಥಕ್ಕೆ ಹೋದ ದಿನ ಅವ್ವ ಬಂದಿದ್ದಳು. ಕೆಲಮಂಗಲದ ಬಸ್ಸಿಳಿದು, ಸೊಪ್ಪಿನ ಗಂಟು ಹಿಡಿದು, ಬಾಗಿಲಲ್ಲೇ, "ಎಂಗೈತಮ್ಮಿ ಕೈ? ತೋರ್ಸು" ಎಂದಳು. ತೋರಿಸುವಷ್ಟರಲ್ಲಿ ಸೂಪರ್‌ವೈಸರ್ ಹುಡುಗಿಯ ಫೋನು.

"ಅಕ್ಕಾ, ಅರ್ಜೆಂಟ್ ಲಾಟ್. ಈಗಲೇ ವಂಡಿ ಕಳಿಸ್ತೀನಿ, ಸಾಯಂಕಾಲಕ್ಕೆ ಕೊಡ್ತೀರಾ? ಅಣ್ಣ ಇದಾರಾ?"

"ಅಣ್ಣ ಯಾಕೆ? ಬಿಡಿಸೋಳು ನಾನಲ್ವೇನಮ್ಮಾ? ಕಳ್ಸು," ಎಂದೆ. ಅವ್ವನಿಗೆ ಕೇಳಲೆಂದೇ ಸ್ವಲ್ಪ ಜೋರಾಗಿ.

ವ್ಯಾನು ಬಂತು. ಡ್ರೈವರು ಶೀಟುಗಳನ್ನು ನೇರ ನನ್ನ ಮೇಜಿನ ಮೇಲಿಟ್ಟು ಹೋದ. ಅವ್ವ ಸೊಪ್ಪು ಬಿಡಿಸುತ್ತಾ ಕೆಳಗೆ ಕೂತಳು, ನಾನು ಮೇಲೆ ಕೂತೆ. ಗೆರೆ, ಅಂಚು.

ಟಕ್ ಬರಲಿಲ್ಲ.

ಇನ್ನೊಂದು ಗೆರೆ ಹಿಡಿದೆ. ಶೀಟು ಬಗ್ಗಿತು, ಎದ್ದಿತು. ಮೂಳೆಯ ಹತ್ತಿರ ಹಳೆಯ ಎಳೆತ ಸರಕ್ಕನೆ ಬಂತು. ಆಗಲೇ ತಲೆಯೊಳಗೆ ಎಲ್ಲ ಶುರುವಾಗಿತ್ತು. ಬೆಳಿಗ್ಗೆ ಬಕೆಟ್ಟು ಎತ್ತಿದ್ದೆ, ಅದೇ. ಮೂಳೆ ಮತ್ತೆ ಬಿಟ್ಟುಕೊಂಡಿದೆ. ಸೊಟ್ಟಗೆ ಕೂಡಿತ್ತು, ನಾನು ಮೊದಲೇ ಅಂದಿದ್ದೆ. ನರ ಹೋಗಿದೆ. ಇನ್ನು ಈ ಕೈ ಆಗುವುದಿಲ್ಲ, ಮೇಜು ಹೋಯಿತು, ಸ್ಟೂಲು ಹೋಯಿತು. ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವಳು ಯಾರಿಗೋ ವ್ಯಾಯಾಮ ಮಾಡಿಸುತ್ತಲೇ, ನೋವಿದೆಯಾ, ಊತ ಇದೆಯಾ ಎಂದು ಕೇಳಿದಳು. ಇಲ್ಲ ಎಂದೆ. "ಅಪ್ಪೊ ಒಣ್ಣುಮಿಲ್ಲಮ್ಮಾ," ಹಾಗಾದರೆ ಏನೂ ಇಲ್ಲ ಎಂದಳು. ಏನೂ ಇಲ್ಲದೆ ಹೀಗಾದರೆ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ?

ಕಣ್ಣಲ್ಲಿ ನೀರು ತುಂಬಿದ್ದನ್ನು ಅವ್ವ ನೋಡಿದಳು. ಸೊಪ್ಪು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ತತ್ತಾ ಇಲ್ಲಿ. ಅದೇನ್ ಅಂಥಾ ಬ್ರಹ್ಮಾಂಡ್ವೋ ನೋಡನ."

"ಬ್ಯಾಡವ್ವಾ, ತಿರುಚ್ಬಿಡ್ತೀಯ, ಒಳಗಿನ ಪಾರ್ಟು ಹೋಗ್ತವೆ."

"ಒಂದು ಹೋದ್ರೆ ಹೋಗ್ಲಿ ಬಿಡು. ಕಬ್ಬು ಮುರ್ದಿರೋ ಕೈ ಕಣೇ ಇದು." ಮನೆಯೊಳಗೆ ಆ ಮಾತು ಆಡಬಾರದೆಂದವಳು ಅವಳೇ.

ಹಿಡಿದಳು. ಬಗ್ಗಿಸಿದಳು. ಹಲ್ಲು ಕಚ್ಚಿ ಇನ್ನೊಮ್ಮೆ ಬಗ್ಗಿಸಿದಳು. ಶೀಟು ಅವಳನ್ನೂ ಲೆಕ್ಕಕ್ಕಿಡಲಿಲ್ಲ. "ಇದೇನಮ್ಮಿ, ಕಬ್ಬಿಣದಂಗೈತೆ! ಇದ್ನ ದಿನಾ ನೀನು ಟಕ ಟಕ ಅಂತ ಬಿಡಿಸ್ತೀನಿ ಅಂತಿದ್ಯಲ್ಲ ಫೋನ್ನಾಗೆ?"

ಆಗ ನನಗೆ ಅನುಮಾನ ಬಂತು. ಶೀಟನ್ನು ಪಕ್ಕಕ್ಕೆ ತಿರುಗಿಸಿ ಅಂಚಿನಲ್ಲಿ ಗೆರೆಯ ಬಾಯಿ ನೋಡಿದೆ. ಎರಡು ಕಾಲುವೆಗಳ ನಡುವೆ ಉಳಿದ ಪದರ ಮಾಮೂಲಿ ದಪ್ಪವೇ ಇತ್ತು. ಮೂಲೆಯಲ್ಲಿ ರದ್ದಿಯ ಚೀಲವಿತ್ತು. ಪ್ರತಿ ಶೀಟಿನ ಎರಡು ಬದಿಯಲ್ಲೂ ಬೋರ್ಡಿಲ್ಲದ ಖಾಲಿ ಪಟ್ಟಿ ಇರುತ್ತದೆ, ಅದನ್ನು ಬಿಡಿಸಿ ಅದರೊಳಗೆ ಎಸೆಯುತ್ತೇವೆ. ಮೇಲಿನಿಂದ ಒಂದು ಪಟ್ಟಿ ತೆಗೆದೆ. ಮುರಿದ ಅಂಚಿನಲ್ಲಿ, ಹರಿದುಕೊಂಡ ಒರಟು ಭಾಗ ನೂಲಿನಷ್ಟೇ ಇತ್ತು. ಉಳಿದದ್ದೆಲ್ಲ ಬ್ಲೇಡು ಕೊಯ್ದ ನುಣುಪು. ತಳದವರೆಗೂ ಕೈ ಹಾಕಿ, ನಾನು ಬೀಳುವುದಕ್ಕೆ ಮುಂಚಿನ ಒಂದು ಪಟ್ಟಿ ಎಳೆದೆ. ಅದರಲ್ಲಿ ಒರಟು ಭಾಗ ಅಕ್ಕಿಕಾಳಿನಷ್ಟು ದಪ್ಪ.

ದೂಳು ಒರೆಸುವುದಂತೆ. ಬಂದ ಶೀಟುಗಳನ್ನು ಮತ್ತೆ ಬ್ಲೇಡಿನ ನಡುವೆ ತೂರಿಸಿ, ಗೆರೆಯನ್ನು ಇನ್ನಷ್ಟು ಆಳ ಮಾಡಿ, ನನ್ನ ಕೈಗೆ ಕೊಡುತ್ತಿದ್ದರು.

ಅವ್ವನಿಗೆ ವಿವರಿಸಿದೆ. ಅವಳು ಎರಡು ಪಟ್ಟಿಗಳನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿ, ಸೊಪ್ಪಿನ ಮೊರದ ಮುಂದೆ ಕೂತು, ನಗಲು ಶುರುಮಾಡಿದಳು.

"ಮಗೀಗೆ ಮುದ್ದೆ ತುತ್ತು ಮುರ್ದು ಮುರ್ದು ಕೊಟ್ಟಂಗೆ ಕೊಟ್ಟವ್ನಲ್ಲೇ! ನೀನು ನೋಡುದ್ರೆ ಊರಿಗೆಲ್ಲಾ ಡಂಗೂರ ಹೊಡ್ಕಂಡ್ ಬಂದೆ."

"ನಗಬ್ಯಾಡವ್ವ ನೀನು."

"ನಿಮ್ಮಪ್ಪ ಒಂದು ದಿನಾನಾದ್ರೂ ಹಿಂಗ್ ಮೋಸ ಮಾಡಿದ್ರೆ ನಾನು ಕುಣೀತಿದ್ದೆ," ಎಂದಳು.

ನನಗೆ ಏನನ್ನಿಸಿತೆಂದು ಸರಿಯಾಗಿ ಹೇಳಲಾರೆ. ಕೈ ಮತ್ತೆ ಕೆಟ್ಟಿಲ್ಲವಲ್ಲ ಎಂದು ಜೀವ ಬಂತು. ಅದು ಸರಿಹೋಗಿಯೇ ಇರಲಿಲ್ಲ ಎಂದು ಹೊಳೆದು ಬಂದ ಜೀವ ಹೋಯಿತು. ಸೊಪ್ಪಿನವಳ ಮುಂದೆ ಕೈ ತಿರುಗಿಸಿದ್ದು ನೆನಪಾಗಿ ಮುಖ ಬಿಸಿಯಾಯಿತು. ಸೂಪರ್‌ವೈಸರ್ ಹುಡುಗಿಗೆ ಫೋನು ಮಾಡಿ, "ನನ್ನ ಕೈಲಿ ಆಗ್ತಾ ಇಲ್ಲಮ್ಮಾ, ಅಣ್ಣ ಬಂದ್ಮೇಲೆ ಬಿಡಿಸಿ ಕೊಡ್ತೀವಿ," ಎಂದೆ. ಎಷ್ಟೋ ದಿನದಿಂದ ಹೆದರಿಕೊಂಡಿದ್ದ ಮಾತು. ಅವಳು, "ಸರಿ ಅಕ್ಕಾ, ಹಂಗಾದ್ರೆ ನಾಳೆ ಬೆಳಿಗ್ಗೆ ವಂಡಿ ಕಳಿಸ್ತೀನಿ. ಊಟ ಆಯ್ತಾ?" ಎಂದು ಇಟ್ಟುಬಿಟ್ಟಳು.

ಸಂಜೆ ನಮ್ಮವರು ತಾಂಬೂಲದ ಚೀಲ ಹಿಡಿದು ಬಂದರು. "ಅತ್ತೆ ಯಾವಾಗ ಬಂದ್ರಿ?" ಎಂದರು. "ಬಂದೆ ಕಣಪ್ಪ, ಬರಬಾರದ ಹೊತ್ನಾಗೇ ಬಂದೆ," ಎಂದು ಅವ್ವ ಸೊಪ್ಪಿನ ಪಾತ್ರೆ ಹಿಡಿದು ಅಡುಗೆಮನೆಗೆ ಸರಿದಳು. ನಾನು ಎರಡು ಪಟ್ಟಿಗಳನ್ನು ಅವರ ಮುಂದಿಟ್ಟೆ.

ಅವರು ಕನ್ನಡಕ ಹಾಕಿಕೊಂಡು, ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ನಿಧಾನವಾಗಿ ಕೆಳಗಿಟ್ಟರು. "ಅರ್ಜೆಂಟ್ ಲಾಟ್ ಬಂತಾ?" ಎಂದರು.

"ಬಂತು. ನಂಗೆ ಹುಚ್ಚು ಹಿಡಿಯೋದೊಂದು ಬಾಕಿ. ನರ ಹೋಯ್ತು ಅಂದ್ಕೊಂಡೆ."

"ಅಯ್ಯೋ."

"ಒಂದ್ ಮಾತು ಹೇಳ್ಬಾರ್ದಾ? ನನ್ನ ಕೈ ಅಲ್ವಾ ಅದು?"

ಅವರು ಕನ್ನಡಕ ತೆಗೆದು ಒರೆಸಿದರು. "ಅವತ್ತು ಶೀಟು ಹಿಡ್ಕೊಂಡು ಕೂತಿದ್ದೆಯಲ್ಲ, ಹಂಗೆ ನಿನ್ನನ್ನ ನೋಡೋಕಾಗ್ಲಿಲ್ಲ," ಎಂದರು. "ನೀನು ಚಿಂತೆ ಮಾಡ್ತಾ ವಟಗುಟ್ಕೊಂಡು ಓಡಾಡಿದ್ರೆ ನಂಗೆ ಅಭ್ಯಾಸ. ಸುಮ್ನೆ ಕೂತಿದ್ದು ನೋಡಿ ಭಯ ಆಯ್ತು."

ಈ ಮನೆಯಲ್ಲಿ ಭಯಪಡುವ ಕೆಲಸ ನನ್ನೊಬ್ಬಳದೇ ಎಂದುಕೊಂಡಿದ್ದೆ.

"ನಿನ್ನ ಕೈ ಸರಿಹೋಗಿದ್ದು ಪೂರ್ತಿ ಸುಳ್ಳಲ್ಲ," ಎಂದರು ಆಮೇಲೆ. "ಮೊದಲನೇ ದಿನ ಮಾಡಿದಷ್ಟು ಆಳ ಈಗ ಮಾಡ್ತಾ ಇಲ್ಲ. ಬರ್ತಾ ಬರ್ತಾ ಬ್ಲೇಡಿನ ಸ್ಕ್ರೂ ತಿರುಗಿಸಿ ಕಮ್ಮಿ ಮಾಡ್ತಾನೇ ಇದೀನಿ. ನಿಂಗೇ ಗೊತ್ತಾಗ್ದಂಗೆ ಒಂದಿನ ಮಾಮೂಲಿ ಗೆರೆಗೆ ತಂದು ನಿಲ್ಲಿಸಿಬಿಡೋಣ ಅಂದ್ಕೊಂಡಿದ್ದೆ."

"ಸಮಾಧಾನಕ್ಕೆ ಹೇಳ್ಬೇಡಿ."

"ಚೀಲ ಸುರಿ. ನೋಡು."

ಸುರಿದೆವು. ಕೋಣೆಯ ನೆಲದ ತುಂಬ ಹಸಿರು ಪಟ್ಟಿಗಳು. ಶೀಟಿನೊಳಗಿನ ಗಾಜಿನ ನಾರು ಚುಚ್ಚೀತೆಂದು ನಾನು ಅವರಿಗೂ ನನಗೂ ಕೈಗವಸು ತಂದೆ, ಬಾಯಿಗೆ ಬಟ್ಟೆ ಕಟ್ಟಿಸಿದೆ, ಅದನ್ನು ಮರೆಯುವಷ್ಟು ಮೈಮರೆತಿರಲಿಲ್ಲ. ನೆಲದ ಮೇಲೆ ಮಂಡಿಯೂರಿ ಇಬ್ಬರೂ ಪಟ್ಟಿ ಪಟ್ಟಿ ತಿರುಗಿಸಿ ನೋಡಿದೆವು. ರಾಶಿಯ ನಡುವೆ ಎಲ್ಲಕ್ಕಿಂತ ತೆಳುವಾದವು ಸಿಕ್ಕವು. ಅವುಗಳ ಒರಟು ಭಾಗ ಕೂದಲಿನಷ್ಟು, ಉಫ್ ಎಂದರೂ ಬಿಟ್ಟುಕೊಳ್ಳುತ್ತಿತ್ತೇನೋ. ಆಮೇಲಿನವು ನೂಲು. ನಿನ್ನೆ ಮೊನ್ನೆಯವು, ಚೀಲದ ಬಾಯಿಯ ಹತ್ತಿರ ಇದ್ದವು, ಹೊಲಿಗೆಯ ದಾರದಷ್ಟು. ನಾನು ಮಧ್ಯಾಹ್ನ ತೆಗೆದು ನೋಡಿದ್ದು ಅವುಗಳಿಗಿಂತ ಸ್ವಲ್ಪ ಹಳೆಯದಿರಬೇಕು. ಇಲ್ಲವೇ ನನ್ನ ಕಣ್ಣಿಗೆ ಆಗ ಎಲ್ಲವೂ ನೂಲಾಗಿಯೇ ಕಂಡಿರಬೇಕು. ಮೂರನ್ನೂ ಸಾಲಾಗಿ ಇಟ್ಟೆ. ಕೂದಲು, ನೂಲು, ದಾರ. ಅದನ್ನು ಮಾಡಿದ್ದು ಈ ಕೈಯೇ. ಚೆಂಡು ಹಿಸುಕಿದ್ದು ದಂಡವಾಗಿರಲಿಲ್ಲ.

"ಅಕ್ಕಿಕಾಳಿಗೆ ಇನ್ನೂ ದೂರ ಇದೆ," ಎಂದೆ.

"ಇದೆ," ಎಂದರು. ಅವರು ಸುಳ್ಳು ಹೇಳಲಿಲ್ಲವೆಂದು ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು. ಅದನ್ನು ತೋರಿಸದೆ, "ಇನ್ನು ಮೇಲೆ ಎಷ್ಟು ಆಳ ಅಂತ ನಾನು ಹೇಳ್ತೀನಿ. ನೀವು ತಿರುಗಿಸಿ," ಎಂದೆ.

"ಸರಿ ಮೇಡಂ."

ಒಳಗಿಂದ ಅವ್ವ, "ನೆಲ ಗುಡಿಸ್ತೀರೋ, ನಾನೇ ಬರ್ಲೋ?" ಎಂದಳು.

ಬೆಳಿಗ್ಗೆ ಸ್ನಾನ ಮಾಡಿ ಬಂದಾಗ ಮೇಜು ಖಾಲಿಯಿತ್ತು. ನಮ್ಮವರು ಮೆಷಿನ್ನಿನ ಮುಂದೆ ನಿಂತಿದ್ದರು, ಸ್ಕ್ರೂ ಮೇಲೆ ಬೆರಳಿಟ್ಟುಕೊಂಡು, ಮೇಷ್ಟರ ಮುಂದೆ ನಿಂತ ಹಾಗೆ. "ನಿನ್ನೆ ಮೊನ್ನೆಯಷ್ಟೇ ಇಡ್ಲಾ?"

"ಅದಕ್ಕಿಂತ ಕಮ್ಮಿ."

ತಿರುಗಿಸಿದರು. "ಇಷ್ಟು?"

"ಇನ್ನೊಂಚೂರು."

"ಆಗುತ್ತಾ ನಿಂಗೆ?"

"ಗೊತ್ತಿಲ್ಲ. ಆಗ್ದಿದ್ರೆ ಕೂಗ್ತೀನಿ. ಬಂದು ಬಿಡಿಸ್ಕೊಡಿ," ಎಂದೆ. ಹೀಗೆ ಹೇಳುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಎಷ್ಟೋ ಚಿಂತೆ ತಪ್ಪುತ್ತಿತ್ತು.

ಒಂದು ಶೀಟನ್ನು ಮಾತ್ರ ಬ್ಲೇಡಿನ ನಡುವೆ ತೂರಿಸಿ, ಬ್ರಷ್ಷಿನಿಂದ ನಿಜವಾಗಿಯೂ ದೂಳು ಒರೆಸಿ, ನನ್ನ ಮುಂದಿಟ್ಟು, ಅಡುಗೆಮನೆಗೆ ಪಾತ್ರೆ ತೊಳೆಯಲು ಹೋದರು. ಅಲ್ಲಿ ನಲ್ಲಿಯ ಸದ್ದು, ಅವ್ವ ಅಳಿಯನಿಗೆ ಏನೋ ಹೇಳುತ್ತಿದ್ದ ಸದ್ದು. ನಾನು ಗೆರೆಯನ್ನು ಅಂಚಿಗೆ ಇಟ್ಟೆ. ಬಗ್ಗಿಸಿದೆ. ಬರಲಿಲ್ಲ. ಮಣಿಕಟ್ಟು ಎಳೆಯಿತು, ಎಳೆದರೆ ಎಳೆಯಲಿ ಎಂದು ಒಂದು ಕ್ಷಣ ಬಿಟ್ಟೆ. ಶೀಟನ್ನು ತಿರುಗಿಸಿ ಇನ್ನೊಂದು ಬದಿಗೆ ಬಗ್ಗಿಸಿ, ಮತ್ತೆ ಈ ಬದಿಗೆ ತಂದು, ಭುಜದಿಂದ ಇಳಿದ ಬಲವನ್ನು ಸಮನಾಗಿ ಇಟ್ಟೆ.

ಒಳಗೆ ನಲ್ಲಿ ನಿಂತಿತು. ಅವ್ವನ ಮಾತೂ ನಿಂತಿತು. ಇಬ್ಬರೂ ಕಿವಿ ಕೊಟ್ಟು ನಿಂತಿದ್ದಾರೆಂದು ತಿಳಿಯಿತು.

ಟಕ್.

"ಇನ್ನೊಂದು ಶೀಟು ತನ್ನಿ," ಎಂದೆ, ಅಡುಗೆಮನೆಗೆ ಕೇಳುವಷ್ಟು ಜೋರಾಗಿ. "ಇದೇ ಅಳತೆ ಇರಲಿ."